ಸಸೆಕ್ಸ್ ಕಡಲಸೀಮೆಯಲ್ಲಿ

ಇಂಗ್ಲೆಂಡಿನ ದಕ್ಷಿಣ ಕಡಲಂಚಿನ ಸಸೆಕ್ಸ್ ನಾಡಿನಲ್ಲಿ ಸಂಚರಿಸುವಾಗ ಅದರ ಪ್ರಾಚೀನ ವಿಭಾಗಕ್ರಮ ನಮ್ಮ ಗಮನ ಸೆಳೆಯಿತು. 1066ರ ತರುವಾಯ ವಿಲಿಯಂ ಅರಸನ ಸಾಮಂತರು ಈ ನಾಡನ್ನು ಉದ್ದುದ್ದ ಸೀಮೆಗಳಾಗಿ ಹಂಚಿಕೊಂಡರು: ಹೇಸ್ಟಿಂಗ್ಸ್, ಪೆವೆನ್ಸಿ, ಲೂಯಿಸ್, ಬ್ರ್ಯಾಂಬರ್, ಅರಂಡೆಲ್, ಚಿಚೆಸ್ಟರ್ ಬಳಿಕ ಬೇರ್ಪಟ್ಟಿತು. ಲೂಯಿಸ್ ಸೀಮೆಯೊಂದನ್ನೇ ನೋಡಿರಿ: ದಕ್ಷಿಣಕ್ಕೆ ಕಡಲು, ನಡುವೆ ಸುಣ್ಣಕಲ್ಲಿನ ಗುಡ್ಡ, ಉತ್ತರಕ್ಕೆ ಜೇಡಿಮಣ್ಣಿನ ಅಡವಿ, ಕಾವಲಿಗೆ ಕೋಟೆ. 1889ರಲ್ಲಿ ನಾಡಿಗೆ ಪೂರ್ವ, ಪಶ್ಚಿಮವೆಂದು ಎರಡು ಆಡಳಿತಗಳಾದವು.

ಅದೇ ಲೂಯಿಸ್ ಸೀಮೆಯ ಪ್ಯಾಚಮ್ ಗುಡ್ಡದ ಮೇಲೊಂದು ಅಮೃತಶಿಲೆಯ ಛತ್ರಿಯಿದೆ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಮಂದಿ ಹಿಂದೂ, ಸಿಖ್ ಯೋಧರ ದಹನ ನಡೆದದ್ದು ಅಲ್ಲಿಯೇ. ಬೂದಿ ಕಡಲಿಗೆ ಸಂದಿತು. ಛತ್ರಿ 1921ರಲ್ಲಿ ಅನಾವರಣಗೊಂಡಿತು. ಸೀಮೆಯ ಗೆರೆಗಳನ್ನು ಹುಡುಕುತ್ತ ಹೋದ ನಾವು ಅಲ್ಲಿ ಬಹಳ ಹೊತ್ತು ನಿಂತೆವು.