ಮುಂದಿನ ದನಿ, ಹಿಂದಿನ ದನಿಗಳು

ನಾನು ಸುಗಮ ಸಂಗೀತದ ಕಾರ್ಯಕ್ರಮಗಳಲ್ಲಿ ಕೋರಸ್ ಹಾಡುವವಳು. ಆಹ್ವಾನ ಪತ್ರಿಕೆಯಲ್ಲಿ ನಮ್ಮ ಹೆಸರುಗಳೆಲ್ಲ 'ಮತ್ತು ಸಂಗಡಿಗರು' ಎಂಬಲ್ಲಿಗೆ ಮುಗಿಯುತ್ತವೆ. ಅದಕ್ಕೇ ಇರಬೇಕು, ಯಾವ ಹಾಡು ಕೇಳಿದರೂ ನನ್ನ ಕಿವಿ ಮೊದಲು ಹುಡುಕುವುದು ಹಿಂದಿನ ದನಿಗಳನ್ನು. ಅಮೆರಿಕದ ಸೋಲ್ ಸಂಗೀತದ 'ಫೋರ್ ಟಾಪ್ಸ್' ತಂಡ ನನಗೆ ಹತ್ತಿರವಾದದ್ದು ಹೀಗೆ.

ಡೆಟ್ರಾಯಿಟ್ ಕಾರು ಕಾರ್ಖಾನೆಗಳ ಊರು. ಅಲ್ಲಿನ ನಾಲ್ವರು ಹುಡುಗರು 1953ರಲ್ಲಿ ಒಟ್ಟಿಗೆ ಹಾಡತೊಡಗಿದರು: ಲೀವೈ ಸ್ಟಬ್ಸ್, ಡ್ಯೂಕ್ ಫಕೀರ್, ಓಬಿ ಬೆನ್ಸನ್, ಲಾರೆನ್ಸ್ ಪೇಟನ್. ಫಕೀರ್ ಎಂಬ ಹೆಸರಿಗೆ ಕಿವಿ ನಿಮಿರಿತೆ? ಡ್ಯೂಕ್‌ನ ತಂದೆ ಇಂದಿನ ಬಾಂಗ್ಲಾದೇಶದ ಕಡೆಯಿಂದ ಹೋಗಿ ಕಾರ್ಖಾನೆಯಲ್ಲಿ ದುಡಿದವರು.

ಮೊದಲ ಹತ್ತು ವರ್ಷ ಕೈಗೆ ಏನೂ ಹತ್ತಲಿಲ್ಲ. ಚೆಸ್, ಕೊಲಂಬಿಯಾ, ರಿವರ್‌ಸೈಡ್ ಎಂದು ಒಂದೊಂದೇ ಕಂಪನಿಗೆ ರೆಕಾರ್ಡ್ ಮಾಡಿದರು, ಯಾವುದೂ ಓಡಲಿಲ್ಲ. 1963ರಲ್ಲಿ ಮೋಟೌನ್ ಸೇರಿ ಹಾಡಿದ ಜಾಝ್ ಆಲ್ಬಮನ್ನೂ ಕಂಪನಿ ಕಪಾಟಿನಲ್ಲೇ ಇಟ್ಟಿತು. ಅದು ಹೊರಬಂದದ್ದು 1999ರಲ್ಲಿ!

1964ರಲ್ಲಿ ಹಾಲೆಂಡ್-ಡೋಜಿಯರ್-ಹಾಲೆಂಡ್ ಜೋಡಿಸಿದ ಹಾಡುಗಳಿಂದ ಅದೃಷ್ಟ ತಿರುಗಿತು. ಲೀವೈಯದು ಬ್ಯಾರಿಟೋನ್, ತಗ್ಗಿನ ಗಂಡುದನಿ. ಇವರು ಬೇಕೆಂದೇ ಅವನಿಗೆ ಶ್ರುತಿ ಏರಿಸಿ ಕೊಟ್ಟರು. ದನಿ ಎಟುಕದ ಕಡೆಗೆ ಕೈಚಾಚಿ ಬಿರಿಯುತ್ತದಲ್ಲ, ಆ ಬಿರಿತವೇ ಅವರಿಗೆ ಬೇಕಿದ್ದದ್ದು. 1966ರ 'ರೀಚ್ ಔಟ್ ಐಲ್ ಬಿ ದೇರ್' ಅಮೆರಿಕ, ಬ್ರಿಟನ್ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು.

ಅಂಥ ದನಿಯವನು ಒಬ್ಬನೇ ಹೊರಟುಬಿಡುವುದು ವಾಡಿಕೆ. 1967ರಲ್ಲಿ ಅದೇ ಕಂಪನಿಯ ಸುಪ್ರೀಮ್ಸ್ ತಂಡ 'ಡಯಾನಾ ರಾಸ್ ಅಂಡ್ ದಿ ಸುಪ್ರೀಮ್ಸ್' ಆಯಿತು. ಲೀವೈ ಹೆಸರು ಮಾತ್ರ ಮುಂದೆ ಬರಲಿಲ್ಲ. 1972ರಲ್ಲಿ ಮೋಟೌನ್ ಲಾಸ್ ಏಂಜಲೀಸ್‌ಗೆ ಹೊರಟಾಗ ಇವರು ಜತೆಗೆ ಹೋಗದೆ ಬೇರೆ ಕಂಪನಿಯಲ್ಲಿ ಹಾಡಿದರು. 1997ರಲ್ಲಿ ಪೇಟನ್ ಸಾಯುವವರೆಗೆ, 44 ವರ್ಷ, ಅದೇ ನಾಲ್ವರು. ಆಮೇಲೆ ಕೆಲಕಾಲ ಹೆಸರಿನ 'ಫೋರ್' ತೆಗೆದು ಬರೀ 'ಟಾಪ್ಸ್' ಎಂದು ಮೂವರೇ ಹಾಡಿದರಂತೆ. ಖಾಲಿ ಜಾಗವನ್ನು ಖಾಲಿ ಎಂದೇ ಒಪ್ಪಿಕೊಂಡ ಆ ರೀತಿ ನನಗೆ ಅವರ ಎಷ್ಟೋ ಹಾಡುಗಳಿಗಿಂತ ದೊಡ್ಡದು.

ಆದರೆ ಒಗ್ಗಟ್ಟಿಗೂ ಬೆಲೆಯಿದೆ. 1969ರಲ್ಲಿ ಬರ್ಕ್‌ಲಿಯಲ್ಲಿ ಯುವಕರ ಮೇಲೆ ಪೊಲೀಸರು ಎರಗಿದ್ದನ್ನು ಕಂಡು ಓಬಿ ಕಳವಳಗೊಂಡ. 'ವಾಟ್ಸ್ ಗೋಯಿಂಗ್ ಆನ್' ಹುಟ್ಟಿದ್ದು ಆ ಕಳವಳದಿಂದ. ಪ್ರತಿಭಟನೆಯ ಹಾಡು ನಮಗೆ ಬೇಡವೆಂದರು ಗೆಳೆಯರು. ಅದು ಮಾರ್ವಿನ್ ಗೇ ಕೈಸೇರಿ 1971ರಲ್ಲಿ ಲೋಕಪ್ರಸಿದ್ಧವಾಯಿತು. ಓಬಿ ತಂಡ ಬಿಡಲಿಲ್ಲ. ನಾನಾಗಿದ್ದರೆ ಉಳಿಯುತ್ತಿದ್ದೆನೆ? ಗೊತ್ತಿಲ್ಲ.

ಇನ್ನೊಂದು ಮಾತು. ಈ ನಾಲ್ವರ ಹೆಸರಲ್ಲಿ ಬಂದ ರೆಕಾರ್ಡುಗಳಲ್ಲಿ ಕೇಳುವುದು ನಾಲ್ಕೇ ದನಿಯಲ್ಲ. ಮೋಟೌನ್‌ನ ಸ್ಟುಡಿಯೋ ತಂಡ 'ಆಂಡಾಂಟೀಸ್'ನ ಮೂವರು ಹೆಂಗಸರೂ ಅಲ್ಲಿದ್ದಾರೆ. ಲಕೋಟೆಯ ಮೇಲೆ ಅವರ ಹೆಸರಿರುತ್ತಿರಲಿಲ್ಲ. 'ರೀಚ್ ಔಟ್' ಅನ್ನು ಒಮ್ಮೆ ಲೀವೈಗಾಗಿ ಕೇಳಿ. ಮತ್ತೊಮ್ಮೆ ಅವನ ಹಿಂದೆ ಏಳುವ ಆ ಎತ್ತರದ ದನಿಗಳಿಗಾಗಿ ಕೇಳಿ. ಹಾಡಿದವರು ಜಾಕಿ ಹಿಕ್ಸ್, ಮಾರ್ಲೀನ್ ಬ್ಯಾರೋ, ಲೂವೇನ್ ಡೆಂಪ್ಸ್.