ಇಲ್ಲದ ಫ್ಲಾಪಿಯ ಕಾಟ

ಈಗ ಕೆಲಸಕ್ಕೆ ಸೇರೋ ಹುಡುಗರಿಗೆ ಫ್ಲಾಪಿ ಅಂದ್ರೆ ‘ಸೇವ್’ ಬಟನ್ ಮೇಲಿನ ಚಿತ್ರ, ಅಷ್ಟೇ. ಅದೇ ಫ್ಲಾಪಿ 2015ರ ಮೇ ತಿಂಗಳಲ್ಲಿ ಇಲ್ಲಿ ಪುಣೆಯಲ್ಲಿ ನನ್ನ ಮೂರು ರಾತ್ರಿ ನಿದ್ದೆ ಕೆಡಿಸಿತ್ತು ಅಂದ್ರೆ ನಂಬ್ತೀರಾ?

ಒಂದು ದೊಡ್ಡ ಸರ್ವರ್ ಒಳಗೆ ಹತ್ತಾರು ವರ್ಚುವಲ್ ಮಷೀನ್ ಓಡಿಸೋದು ನಮ್ಮ ಕೆಲಸ. ಚಾಳ್ ಇದ್ದ ಹಾಗೆ, ಕಟ್ಟಡ ಒಂದೇ, ಬಿಡಾರ ಬೇರೆ ಬೇರೆ. ಪ್ರತಿ ಮಷೀನಿಗೂ ತನ್ನದೇ ಡಿಸ್ಕು, ನೆಟ್‌ವರ್ಕ್ ಕಾರ್ಡು ಇದೆ ಅಂತ ನಂಬಿಸಬೇಕಲ್ಲ? ಆ ವೇಷಗಳನ್ನೆಲ್ಲ ಹಾಕೋದು ಕ್ಯೂಎಮು ಅನ್ನೋ ತಂತ್ರಾಂಶ. ಫ್ಲಾಪಿ ಕಂಟ್ರೋಲರ್ ವೇಷವೂ ಅದರದ್ದೇ.

ಹುಳುಕು ಇದ್ದದ್ದು ಅಲ್ಲೇ. ಫ್ಲಾಪಿಗೆ ಬರೋ ಆಜ್ಞೆ ಇಟ್ಟುಕೊಳ್ಳೋಕೆ 512 ಬೈಟಿನ ಜಾಗ. ಆಜ್ಞೆ ಮುಗಿದ ಮೇಲೆ ಲೆಕ್ಕ ಸೊನ್ನೆಗೆ ಬರಬೇಕು. ಎರಡು ಆಜ್ಞೆಗಳಲ್ಲಿ ಮಾತ್ರ ಕೂಡಲೇ ಬರ್ತಿರಲಿಲ್ಲ. ಬೈಟು ಕಳಿಸ್ತಾನೇ ಹೋದ್ರೆ 513ನೆಯದು ಪಕ್ಕದ ಮೆಮೊರಿ ಮೇಲೆ ಬಿದ್ದು... ಮಷೀನ್ ಕ್ರ್ಯಾಶ್! ಚಾಲಾಕಿ ಕಳ್ಳನಾದ್ರೆ ಗೋಡೆ ಕೊರೆದು ಪಕ್ಕದ ಬಿಡಾರಕ್ಕೂ ನುಗ್ಗಬಹುದು. 2004ರಿಂದ ಇದ್ದ ಈ ತಪ್ಪನ್ನು ಹಿಡಿದ ಜೇಸನ್ ಗೆಫ್ನರ್ ಅದಕ್ಕೆ ‘ವೆನಮ್’ ಅಂತ ಹೆಸರಿಟ್ಟಿದ್ದರು. ತಮಾಷೆ ಅಂದ್ರೆ, ಫ್ಲಾಪಿ ಡ್ರೈವ್ ಬೇಡ ಅಂತ ತೆಗೆದಿದ್ರೂ ಕಂಟ್ರೋಲರ್ ಕೋಡ್ ಒಳಗೆ ಜೀವಂತವಾಗೇ ಇತ್ತು!

ರಿಪೇರಿ ಮಾತ್ರ ಶಾಲೆ ಲೆಕ್ಕದಷ್ಟು ಸುಲಭ: ಸ್ಥಾನದ ಸಂಖ್ಯೆಯನ್ನ 512ರಿಂದ ಭಾಗಿಸಿ ಶೇಷವನ್ನಷ್ಟೇ ತಗೋ. ಆಗ ಲೆಕ್ಕ ಗಡಿ ದಾಟೋದೇ ಇಲ್ಲ. ಕೆಲವೇ ಸಾಲು. ಆದ್ರೆ ಆಗಲೇ ಓಡ್ತಿರೋ ಮಷೀನ್ ಹಳೇ ಕೋಡನ್ನೇ ಹಿಡ್ಕೊಂಡಿರುತ್ತೆ. ಪ್ಯಾಚ್ ಹಾಕಿದ್ರೆ ಸಾಲದು, ಒಂದೊಂದನ್ನೂ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ಗ್ರಾಹಕರಿಗೆಲ್ಲ ಫೋನ್ ಮಾಡೋದು ನನ್ನ ಪಾಲಿಗೆ ಬಂತು.

ರಕ್ತ ಪರೀಕ್ಷೆ ಲ್ಯಾಬ್ ನಡೆಸೋ ಡಾಕ್ಟರ್ ಕಾಕಾ ಒಬ್ಬರು ಮರಾಠಿಯಲ್ಲಿ ಬೈದೇಬಿಟ್ರು: “ಚೆನ್ನಾಗಿ ಓಡ್ತಿರೋದನ್ನ ಯಾಕಪ್ಪಾ ನಿಲ್ಲಿಸ್ತೀಯಾ? ನನ್ನ ಹತ್ರ ಫ್ಲಾಪಿನೇ ಇಲ್ಲ!”

ಬಫರು ಗಿಫರು ಬಿಟ್ಟು ನೇರವಾಗಿ ಹೇಳಿದೆ: “ಕಾಕಾ, ನಿಮ್ಮ ಪೇಶಂಟುಗಳ ರಿಪೋರ್ಟನ್ನ ಪಕ್ಕದ ಮಷೀನಿನವನು ಓದಬಹುದು.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ರಾತ್ರಿ ಹನ್ನೆರಡಕ್ಕೆ ನಿಲ್ಲಿಸು. ಬೆಳಿಗ್ಗೆ ಏಳಕ್ಕೆ ಜನ ಖಾಲಿ ಹೊಟ್ಟೇಲಿ ಬಂದು ನಿಂತಿರ್ತಾರೆ, ನೆನಪಿಟ್ಕೋ” ಅಂದ್ರು.

ಅವರ ಮಷೀನ್ ಹನ್ನೆರಡೂವರೆಗೆಲ್ಲ ಮತ್ತೆ ಎದ್ದಿತ್ತು. ಆದ್ರೂ ಏಳು ಗಂಟೆಗೆ ಅವರ ಮೊದಲ ರಿಪೋರ್ಟ್ ಸೇವ್ ಆಗೋ ತನಕ ನಾನು ಮನೆಗೆ ಹೋಗಲಿಲ್ಲ.