ನರಾಂಹದ ತವರು

ಸ್ಪೇನಿನ ಸೆವಿಯಾ ನಗರದ ಬೀದಿಬೀದಿಗಳಲ್ಲಿ ಕಿತ್ತಳೆ ಮರಗಳಿವೆ. ಚಳಿಗಾಲದಲ್ಲಿ ಕೊಂಬೆ ಬಾಗುವಷ್ಟು ಹಣ್ಣು. ಆದರೂ ಕಿತ್ತು ತಿನ್ನುವವರಿಲ್ಲ, ಏಕೆಂದರೆ ಇದು ಕಹಿ ಕಿತ್ತಳೆ. ಸಿಪ್ಪೆಸಮೇತ ಸಕ್ಕರೆ ಹಾಕಿ ಕುದಿಸಿ ಮಾರ್ಮಲೇಡ್ ಮಾಡುವ ಬ್ರಿಟಿಷರಿಗೆ ಮಾತ್ರ ಇದೇ ಬೇಕು. ಇಲ್ಲಿಗೆ ಈ ಗಿಡ ತಂದವರು ಅರಬ್ಬರು. 1172ರಲ್ಲಿ ಕಟ್ಟಲು ತೊಡಗಿದ ಮಸೀದಿಯ ಅಂಗಳ ಈಗ ಕೆಥೆಡ್ರಲ್ಲಿಗೆ ಸೇರಿದೆ. ಅದರ ಹೆಸರೇ ‘ಕಿತ್ತಳೆ ಮರಗಳ ಅಂಗಳ’. ಸ್ಪ್ಯಾನಿಷಿನಲ್ಲಿ ಹಣ್ಣು ‘ನರಾಂಹ’, ಮರ ‘ನರಾಂಹೊ’.

ಈ ನರಾಂಹದ ತವರು ಹುಡುಕುತ್ತಾ ಹೊರಟರೆ ನಮ್ಮ ದಕ್ಷಿಣಕ್ಕೇ ಬರಬೇಕಾಗುತ್ತದೆ. ಸ್ಪ್ಯಾನಿಷಿಗೆ ಅದು ಬಂದದ್ದು ಅರಬ್ಬಿಯ ‘ನಾರಂಜ್’ನಿಂದ, ಅರಬ್ಬಿಗೆ ಪಾರಸಿಯ ‘ನಾರಂಗ್’ನಿಂದ, ಪಾರಸಿಗೆ ಸಂಸ್ಕೃತದ ‘ನಾರಂಗ’ದಿಂದ. ಸಂಸ್ಕೃತಕ್ಕೆ? ದ್ರಾವಿಡ ನುಡಿಗಳಿಂದ ಎಂಬುದು ಹಲವು ವಿದ್ವಾಂಸರ ಮತ. ಅವರು ತೋರಿಸುವ ಬೇರಿನ ಅರ್ಥ ಪರಿಮಳ. ‘ನಾರುತ್ತದೆ’ ಎಂದರೆ ಮೂಗು ಮುಚ್ಚಿಕೊಳ್ಳುವ ಕನ್ನಡಿಗರೂ ‘ನರುಗಂಪು’ ಎನ್ನುವಾಗ ಆ ಹಳೆಯ ಸುವಾಸನೆಯನ್ನು ಉಳಿಸಿಕೊಂಡಿದ್ದಾರೆ.

ದಾರಿಯಲ್ಲಿ ಕೆಲವು ಭಾಷೆಗಳು ಮೊದಲ ‘ನ’ಕಾರವನ್ನೇ ಕಳೆದುಕೊಂಡವು. ಇಟಲಿಯಲ್ಲಿ ‘ಅರಾಂಚ’, ಫ್ರಾನ್ಸಿನಲ್ಲಿ ‘ಒರಾಂಜ್’, ಅಲ್ಲಿಂದ ಇಂಗ್ಲಿಷಿನ ‘ಆರೆಂಜ್’. ‘ಒಂದು’ ಎನ್ನಲು ಹಿಂದೆ ಬರುವ ‘ಊನ’ದಂಥ ಪದದ ನಕಾರದೊಳಗೆ ಹಣ್ಣಿನ ನಕಾರ ಕರಗಿಹೋಯಿತು. ಪೋರ್ಚುಗೀಸರು ‘ಲರಾಂಜ’ ಎಂದರು. ಸ್ಪ್ಯಾನಿಷ್ ಮತ್ತು ಹಂಗೇರಿಯನ್ ಭಾಷೆಗಳು ನಕಾರವನ್ನು ಬಿಡಲಿಲ್ಲ.

ಮುಂದೆ ಪೋರ್ಚುಗೀಸ್ ವ್ಯಾಪಾರಿಗಳು ಸಿಹಿ ಕಿತ್ತಳೆಯನ್ನು ಎಲ್ಲೆಡೆ ಹರಡಿದಾಗ ಇನ್ನೊಂದು ಸೋಜಿಗ ನಡೆಯಿತು. ಅರಬ್ಬಿಯಲ್ಲಿ ಅದು ‘ಬುರ್ತುಕಾಲ್’, ತುರ್ಕಿಯಲ್ಲಿ ‘ಪೋರ್ತಕಾಲ್’, ಗ್ರೀಕಿನಲ್ಲಿ ‘ಪೊರ್ತೊಕಾಲಿ’ ಆಯಿತು. ಯುರೋಪಿಗೆ ನಾರಂಜ್ ಎಂಬ ಪದ ಕೊಟ್ಟ ಅರಬ್ಬರೇ ಸಿಹಿ ಹಣ್ಣನ್ನು ಪೋರ್ಚುಗಲ್ ದೇಶದ ಹೆಸರಿನಿಂದ ಕರೆಯತೊಡಗಿದರು. ನಾರಂಜ್ ಕಹಿ ಹಣ್ಣಿಗೆ ಉಳಿಯಿತು.

ಸ್ಪ್ಯಾನಿಷರಿಗೆ ನರಾಂಹದ ಮೇಲೆ ಎಷ್ಟು ಅಕ್ಕರೆಯೆಂದರೆ ಬಾಳಸಂಗಾತಿಯನ್ನು ಅವರು ‘ಮೆದಿಯಾ ನರಾಂಹ’, ಅಂದರೆ ಅರ್ಧ ಕಿತ್ತಳೆ, ಎನ್ನುತ್ತಾರೆ. ನಮ್ಮ ‘ಅರ್ಧಾಂಗಿ’ ಹೆಂಡತಿಗೆ ಮಾತ್ರ ಸಲ್ಲುತ್ತದೆ; ಅವರ ಅರ್ಧ ಕಿತ್ತಳೆ ಗಂಡನೂ ಹೌದು, ಹೆಂಡತಿಯೂ ಹೌದು. ಈ ವಿಷಯದಲ್ಲಿ ಅವರ ಮಾತೇ ಮೇಲು.

ಮಂಗಳೂರಿನಿಂದ ಕಾಸರಗೋಡು ದಾಟಿ ಹೋದವರು ಅಂಗಡಿಯಲ್ಲಿ ‘ನಾರಂಗ ವೆಳ್ಳಂ’ ಕೇಳಿ ನೋಡಬೇಕು. ಸಿಗುವುದು ನಿಂಬೆಹಣ್ಣಿನ ಶರಬತ್ತು. ಕಿತ್ತಳೆಗೆ ಮಲಯಾಳಿಗಳು ಹೇಳುವುದು ‘ಓರಂಜ್’.